ಅಯೋವಾದಲ್ಲಿ ಕಾಲೇಜು ಕುಸ್ತಿ ನೋಡೋಕೆ ಬಂದವರು ನಿಜವಾಗಲೂ ಅಷ್ಟೊಂದು ಕೂಗ್ತಾರಾ? ಯಾಕೆ?

ನೀವು ಕೇಳಿರೋದು ಇಷ್ಟು: ಆಗಸ್ಟಿನಲ್ಲಿ ಓದೋಕೆ ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿಗೆ ಹೋಗ್ತಿದ್ದೀರಿ. ಅಲ್ಲಿನ ಕುಸ್ತಿ ಡ್ಯುಯಲ್ ಮೀಟ್‌ನ, ಅಂದ್ರೆ ಎರಡು ಕಾಲೇಜು ತಂಡಗಳ ಪಂದ್ಯದ, ವಿಡಿಯೋ ಒಂದನ್ನು ನೋಡಿದ್ದೀರಿ. ಇಬ್ಬರು ಹುಡುಗರು ತಲೆಗೆ ತಲೆ ಕೊಟ್ಟು ಸುಮ್ನೆ ನಿಂತಿದ್ದಾರೆ, ಆದರೆ ಸುತ್ತ ಸಾವಿರಾರು ಜನ ಎದ್ದು ಕಿರುಚುತ್ತಿದ್ದಾರೆ. ಏನೂ ನಡೆಯದೇ ಇರುವಾಗ ಇವರಿಗೇನಾಗಿದೆ ಅಂತ ನಿಮ್ಮ ಅನುಮಾನ.

ಏನೂ ನಡೆಯದೇ ಇರೋದಕ್ಕೇ ಅವರು ಕಿರುಚೋದು. ಇದು ಅರ್ಥವಾಗೋಕೆ ನನಗೆ ಒಂದು ಇಡೀ ಸಂಜೆ ಬೇಕಾಯಿತು.

ನಾನು ಮೈಸೂರಿನವನು. ಚಿಕ್ಕವನಿದ್ದಾಗ ತಾತ ದಸರಾ ಕುಸ್ತಿಗೆ ಕರೆದುಕೊಂಡು ಹೋಗ್ತಿದ್ದರು, ದೊಡ್ಡಕೆರೆ ಮೈದಾನದ ಪಕ್ಕದ ಅಖಾಡಕ್ಕೆ. ಹಾಗಾಗಿ ಅಯೋವಾದಲ್ಲಿ ಲ್ಯಾಬಿನ ಗೆಳೆಯನೊಬ್ಬ ‘ಶುಕ್ರವಾರ ರಾತ್ರಿ ಕುಸ್ತಿಗೆ ಬರ್ತೀಯಾ, ಒಂದು ಟಿಕೆಟ್ ಜಾಸ್ತಿ ಇದೆ’ ಅಂದಾಗ, ನನಗೆ ಕುಸ್ತಿ ಹೊಸದಾ ಅಂದುಕೊಂಡು ಜಂಬದಿಂದಲೇ ಹೊರಟೆ. ಆ ಶುಕ್ರವಾರ 2020ರ ಜನವರಿ 31. ಅಯೋವಾ ಯೂನಿವರ್ಸಿಟಿಗೂ ಪೆನ್ ಸ್ಟೇಟ್ ಯೂನಿವರ್ಸಿಟಿಗೂ ಡ್ಯುಯಲ್. ಆಗ ದೇಶದಲ್ಲಿ ಒಂದನೇ ನಂಬರ್ ಮತ್ತು ಎರಡನೇ ನಂಬರ್ ತಂಡಗಳು ಇವೇ. ಗೆಳೆಯನ ಕೈಯಲ್ಲಿದ್ದ ಆ ಜಾಸ್ತಿ ಟಿಕೆಟ್‌ಗೆ ಊರಿನಲ್ಲಿ ಎಷ್ಟು ಜನ ಬಾಯಿ ಬಿಡುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

ಪಂದ್ಯ ನಡೆದ ಕಾರ್ವರ್-ಹಾಕೈ ಅರೀನಾ ನೋಡೋಕೆ ವಿಚಿತ್ರವಾಗಿದೆ. ಹೊರಗಿಂದ ಕಟ್ಟಡ ಅಷ್ಟು ಎತ್ತರ ಕಾಣೋದಿಲ್ಲ, ಯಾಕಂದ್ರೆ ಅದರ ಬಹುಪಾಲು ನೆಲದೊಳಗೆ ಹೂತುಕೊಂಡಿದೆ. ಬಾಗಿಲಲ್ಲಿ ಒಳಗೆ ಹೋದರೆ ನೀವು ಮೇಲಿನ ಅಂಚಿನಲ್ಲಿರ್ತೀರಿ, ಕೆಳಗೆ ದೊಡ್ಡ ಬಾವಿಯ ತಳದಲ್ಲಿ ಇದ್ದ ಹಾಗೆ ಒಂದು ಮ್ಯಾಟ್, ಅದರ ಮೇಲೆ ದೀಪ. ಸುತ್ತ ಸುಮಾರು 15,000 ಜನ, ಒಂದು ಸೀಟೂ ಖಾಲಿ ಇಲ್ಲ, ಎಲ್ಲರ ಮೈಮೇಲೂ ಕಪ್ಪು ಹಳದಿ. 1983ರಲ್ಲಿ ಈ ಅರೀನಾ ಶುರುವಾದಾಗ ಮೊದಲು ನಡೆದದ್ದೇ ಕುಸ್ತಿಯಂತೆ, ಬ್ಯಾಸ್ಕೆಟ್‌ಬಾಲ್ ಆಮೇಲೆ. ಹೊರಗಡೆ ಡ್ಯಾನ್ ಗೇಬಲ್ ಅವರ ಕಂಚಿನ ಪ್ರತಿಮೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದವರು, ಆಮೇಲೆ ಕೋಚ್ ಆಗಿ ಅಯೋವಾಕ್ಕೆ 15 ರಾಷ್ಟ್ರೀಯ ಪಟ್ಟ ತಂದುಕೊಟ್ಟವರು. ನಮ್ಮ ಕಡೆ ಹಳೇ ಉಸ್ತಾದರ ಫೋಟೋಗೆ ಹಾರ ಹಾಕಿ ಗರಡಿ ಮನೆಯಲ್ಲಿ ಇಟ್ಟಿರ್ತಾರಲ್ಲ, ಅಲ್ಲಿ ಅದೇ ಭಕ್ತಿ, ಹಾರ ಮಾತ್ರ ಇಲ್ಲ.

ಮೊದಲು ಆಟದ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ದರೆ ಜನರ ಕೂಗು ಅರ್ಥ ಆಗೋದಿಲ್ಲ. ಡ್ಯುಯಲ್ ಅಂದ್ರೆ ಎರಡು ಕಾಲೇಜುಗಳ ನಡುವೆ ಹತ್ತು ಕುಸ್ತಿ, ಹತ್ತು ತೂಕದಲ್ಲಿ. 125 ಪೌಂಡ್‌ನಿಂದ, ಅಂದ್ರೆ ಸುಮಾರು 57 ಕಿಲೋದಿಂದ, 285 ಪೌಂಡ್‌ವರೆಗೆ. ಒಂದೊಂದು ಕುಸ್ತಿ ಏಳು ನಿಮಿಷ. ಮಾಮೂಲಿ ಗೆಲುವಿಗೆ ತಂಡಕ್ಕೆ 3 ಪಾಯಿಂಟ್, ಆ ಕುಸ್ತಿಯೊಳಗೆ ಗಳಿಸಿದ ಪಾಯಿಂಟ್‌ಗಳಲ್ಲಿ ಎಂಟು ಅಥವಾ ಅದಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರೆ 4, ಅಂತರ ಹದಿನೈದು ಮುಟ್ಟಿದರೆ ಆಟ ಅಲ್ಲಿಗೇ ನಿಂತು 5, ಚಿತ್ ಮಾಡಿದರೆ 6. ಎದುರಾಳಿ ಗಾಯವಾಗಿ ಆಡೋಕಾಗದಿದ್ದರೂ 6.

ಈಗ ಯೋಚನೆ ಮಾಡಿ. ನಿಮ್ಮ ಹುಡುಗ ಹೇಗೂ ಸೋಲ್ತಾನೆ ಅಂತಿಟ್ಟುಕೊಳ್ಳಿ. ಅವನು ಚಿತ್ ಆಗಿ ಸೋತರೆ ಆರು ಹೋಯಿತು, ಒದ್ದಾಡಿ ಹಲ್ಲು ಕಚ್ಚಿ ಆರು ಪಾಯಿಂಟ್ ಅಂತರದಲ್ಲಿ ಸೋತರೆ ಮೂರೇ ಹೋಗೋದು. ಅಂದರೆ ಸೋಲಿನಲ್ಲೂ ಅವನು ತಂಡಕ್ಕೆ ಮೂರು ಉಳಿಸಿಕೊಟ್ಟ. ದಸರಾ ಕುಸ್ತಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಬೆನ್ನು ಮಣ್ಣಿಗೆ ತಾಗಿತಾ, ಮುಗೀತು, ಸೋತವನು ತಲೆ ತಗ್ಗಿಸಿಕೊಂಡು ಹೋಗ್ತಾನೆ, ಗೆದ್ದವನನ್ನು ಹೆಗಲ ಮೇಲೆ ಎತ್ತಿಕೊಳ್ತಾರೆ. ಅಲ್ಲಿ ನಾನು ಕಂಡದ್ದು, ಬೆನ್ನು ಇನ್ನೇನು ಮ್ಯಾಟಿಗೆ ಅಂಟಬೇಕು ಅನ್ನೋ ಹುಡುಗ ಕುತ್ತಿಗೆ ಮೇಲೆ ಸೇತುವೆ ಹಾಗೆ ನಿಂತುಕೊಂಡು ಗಡಿಯಾರದ ಕೊನೇ ಹತ್ತು ಸೆಕೆಂಡು ತಳ್ಳುತ್ತಿದ್ದಾಗ ಇಡೀ ಅರೀನಾ ಎದ್ದು, ಗೆಲ್ಲುವವನಿಗೆ ಕೊಡುವುದಕ್ಕಿಂತ ಜಾಸ್ತಿ ದನಿಯಲ್ಲಿ, ಹಿಡ್ಕೋ ಹಿಡ್ಕೋ ಅಂತ ಕೂಗಿದ್ದು. ಸೋತು ಎದ್ದು ಬಂದವನಿಗೆ ಚಪ್ಪಾಳೆ. ನನಗೆ ಗಂಟಲು ಕಟ್ಟಿತು ಅಂದ್ರೆ ನಂಬ್ತೀರಾ?

ಇನ್ನು ನಿಮ್ಮ ವಿಡಿಯೋದ ವಿಷಯ. ಅವರು ಕಿರುಚುತ್ತಿದ್ದ ಪದ ಬಹುಶಃ ‘ಸ್ಟಾಲಿಂಗ್’. ಅಂದರೆ ಕುಸ್ತಿ ಮಾಡದೆ ಕಾಲ ತಳ್ಳೋದು. ಒಬ್ಬ ಎರಡು ಪಾಯಿಂಟ್ ಮುಂದಿದ್ದಾನೆ ಅಂತ ಹಿಂದೆ ಹಿಂದೆ ಹೆಜ್ಜೆ ಹಾಕ್ತಾ ಗೆರೆ ಹತ್ತಿರ ಸರಿದುಕೊಂಡರೆ ರೆಫರಿ ಮುಷ್ಟಿ ಎತ್ತಿ ಮೊದಲು ಎಚ್ಚರಿಕೆ ಕೊಡ್ತಾರೆ, ಇನ್ನೊಂದು ಸಲ ಮಾಡಿದರೆ ಎದುರಾಳಿಗೆ ಒಂದು ಪಾಯಿಂಟ್. ಈ ಮುಷ್ಟಿಯನ್ನು ರೆಫರಿಗಿಂತ ಮುಂಚೆ ಪ್ರೇಕ್ಷಕರು ಎತ್ತುತ್ತಾರೆ! ನನ್ನ ಮುಂದಿನ ಸಾಲಿನಲ್ಲಿ ಅರವತ್ತೈದು ದಾಟಿದ ಒಬ್ಬ ಅಮ್ಮ ಇದ್ದರು, ಮಡಿಲಲ್ಲಿ ಪಾಪ್‌ಕಾರ್ನ್, ಕಾಲ ಬಳಿ ಚಳಿಗಾಲದ ದಪ್ಪ ಕೋಟು. ಹತ್ತೂ ಕುಸ್ತಿ ಮುಗಿಯೋವರೆಗೆ ಅವರ ಎಡಗೈ ಕೆಳಗೆ ಇಳಿದದ್ದು ನಾನು ನೋಡಲಿಲ್ಲ. ಬಲಗೈಯಲ್ಲಿ ಪಾಪ್‌ಕಾರ್ನ್, ಎಡಗೈಯಲ್ಲಿ ನ್ಯಾಯ. ಎದುರಾಳಿ ಎರಡು ಹೆಜ್ಜೆ ಹಿಂದೆ ಇಟ್ಟರೆ ಸಾಕು, ‘ಸ್ಟಾಲಿಂಗ್!’ ಅಂತ ಒಂದು ಕೂಗು, ಅದರ ಹಿಂದೆ ಹದಿನೈದು ಸಾವಿರ ಕೂಗು. ಅಯೋವಾದವರಿಗೆ ಈ ವಿಷಯದಲ್ಲಿ ದೇಶದ ತುಂಬಾ ಹೆಸರಿದೆ. ಬೇರೆ ತಂಡದವರು ಇದನ್ನೇ ಹೇಳಿ ಅವರನ್ನು ಆಡಿಕೊಳ್ತಾರೆ, ನಿಮ್ಮ ಕಣ್ಣಿಗೆ ಉಸಿರಾಡಿದರೂ ಸ್ಟಾಲಿಂಗ್ ಅಂತ.

ಪಕ್ಷಪಾತ ಇಲ್ವಾ? ಖಂಡಿತ ಇದೆ. ಆದರೆ ನನಗೆ ಆಶ್ಚರ್ಯ ಆಗಿದ್ದು ಬೇರೆ. ತಮ್ಮದೇ ಹುಡುಗ ಮುಂದಿದ್ದುಕೊಂಡು ಕೈ ಕಟ್ಟಿ ನಿಂತರೆ ಅವನಿಗೂ ಗೊಣಗಾಟ ತಪ್ಪೋದಿಲ್ಲ. ಅಷ್ಟು ಜೋರಾಗಿ ಅಲ್ಲ, ಮನೆಯವರನ್ನು ಬೈಯುವ ದನಿಯಲ್ಲಿ. ಗೆಳೆಯ ಹೇಳಿದ, ಇಲ್ಲಿ ಕೂತವರಲ್ಲಿ ಬಹಳ ಜನ ಹೈಸ್ಕೂಲಿನಲ್ಲಿ ಕುಸ್ತಿ ಆಡಿದವರು, ಅಥವಾ ಆಡಿದವರ ಅಪ್ಪ, ಅಮ್ಮ, ಹೆಂಡತಿ. ಸುತ್ತ ನೋಡಿದೆ. ಹೌದು, ನಾಲ್ಕೈದು ಸಾಲಿನಲ್ಲೇ ಆ ಮುದ್ದೆಯಾದ ಕಿವಿಗಳು ಕಂಡವು. ಮ್ಯಾಟಿಗೂ ತಲೆಗೂ ಉಜ್ಜಿ ಉಜ್ಜಿ ಊದಿ ಹಾಗೇ ಗಟ್ಟಿಯಾದ ಕಿವಿ. ನಮ್ಮ ಬೀದಿಯ ಪೈಲ್ವಾನ್ ಮಾವನಿಗೂ ಅಂಥದ್ದೇ ಇತ್ತು. ಜೋಳ ಸೋಯಾಬೀನ್ ಬೆಳೆಯುವ ರೈತರು, ಹಿಮದಲ್ಲಿ ಎರಡು ಗಂಟೆ ಗಾಡಿ ಓಡಿಸಿಕೊಂಡು ಬಂದವರು. ಇವರಿಗೆ ಕುಸ್ತಿ ಅರ್ಥ ಮಾಡಿಸಬೇಕಾಗಿಲ್ಲ, ಯಾವ ಕೈ ಎಲ್ಲಿ ಹೋಗಬೇಕಿತ್ತು ಅಂತ ಅವರ ಭುಜಗಳೇ ಕೂತಲ್ಲಿಂದ ತಿರುಗುತ್ತಿರುತ್ತವೆ.

ನನ್ನಿಂದ ಒಂದು ಎಡವಟ್ಟೂ ಆಯಿತು. ಪೆನ್ ಸ್ಟೇಟ್ ಹುಡುಗನೊಬ್ಬ ಬಹಳ ಚೆಂದದ ಪಟ್ಟು ಹಾಕಿ ನಮ್ಮವನನ್ನು ಕೆಡವಿದ. ನಾನು ಅಭ್ಯಾಸಬಲದಿಂದ ‘ಭಲೇ!’ ಅಂತ ಎದ್ದು ಚಪ್ಪಾಳೆ ಹೊಡೆದೆ. ದಸರಾ ಅಖಾಡದಲ್ಲಿ ಯಾವ ಗರಡಿಯವನೇ ಆಗಲಿ, ಒಳ್ಳೇ ಪಟ್ಟಿಗೆ ಸಿಳ್ಳೆ ಬಿದ್ದೇ ಬೀಳುತ್ತೆ ಅಲ್ವಾ. ಇಲ್ಲಿ ಸುತ್ತ ಸ್ಮಶಾನಮೌನ, ಅದರ ನಡುವೆ ನನ್ನ ಚಪ್ಪಾಳೆ ಒಂದೇ. ಮುಂದಿನ ಅಮ್ಮ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಗೆಳೆಯ ನನ್ನ ಜಾಕೆಟ್ ಹಿಡಿದು ಕೂರಿಸಿದ. ನೀವು ಹೋದಾಗ ಇದನ್ನು ಮಾತ್ರ ಮಾಡಬೇಡಿ.

ಆ ರಾತ್ರಿಯ ಕುಸ್ತಿ ಹೇಗಿತ್ತು ಅಂತ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೊದಲು ಸ್ಪೆನ್ಸರ್ ಲೀ ಬಂದ, 125 ಪೌಂಡ್, ಹದಿನೈದರ ಅಂತರ ಮುಟ್ಟಿ ಐದು ಪಾಯಿಂಟ್ ತಂದುಕೊಟ್ಟ. ಅವನು ಕೆಡವಿದಾಗಲೆಲ್ಲ ಇಡೀ ಅರೀನಾ ಎರಡು ಬೆರಳು ಎತ್ತಿ ‘ಟೂ!’ ಅಂತ ಒಂದೇ ಉಸಿರಲ್ಲಿ ಕೂಗೋದು, ಕೆಡವಿದರೆ ಆಗ ಎರಡು ಪಾಯಿಂಟ್. ಎರಡನೇ ಕುಸ್ತಿಯಲ್ಲೇ ಅಯೋವಾ ಹುಡುಗನಿಗೆ ಪೆಟ್ಟಾಗಿ ಮುಂದುವರಿಯೋಕೆ ಆಗಲಿಲ್ಲ, ಆರು ಪಾಯಿಂಟ್ ಆ ಕಡೆ ಹೋಯಿತು. ಆಗ ಎದ್ದ ಗಲಾಟೆ ಇದೆಯಲ್ಲ, ಅರ್ಧ ಸಂಕಟ, ಅರ್ಧ ಸಿಟ್ಟು, ಯಾರ ಮೇಲೆ ಅಂತ ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತೆ. ಅಲ್ಲಿಂದ ಹಗ್ಗಜಗ್ಗಾಟ.

ಆಮೇಲೆ 174 ಪೌಂಡ್. ಪೆನ್ ಸ್ಟೇಟಿನ ಮಾರ್ಕ್ ಹಾಲ್ ಆ ತೂಕದಲ್ಲಿ ಒಂದನೇ ನಂಬರ್. ಅಯೋವಾದ ಮೈಕಲ್ ಕೆಮರರ್ ಹಿಂದಿನ ಸೀಸನ್ ಪೂರ್ತಿ ಗಾಯದಿಂದ ಹೊರಗೆ ಕೂತಿದ್ದವನು. ಕೆಮರರ್ 11-6ರಿಂದ ಗೆದ್ದ. ಅಂಕಿ ಓದಿದರೆ ಏನೂ ಅನ್ನಿಸೋದಿಲ್ಲ, ಆದರೆ ಆ ಕೂಗು ನನ್ನ ಎದೆಗೂಡಿನೊಳಗೆ ಕೇಳಿಸಿತು, ಸೀಟಿನ ಕೆಳಗಿನ ಕಾಂಕ್ರೀಟ್ ಅದುರಿತು, ಉತ್ಪ್ರೇಕ್ಷೆ ಅಲ್ಲ. ಬಾವಿಯೊಳಗೆ ಕೂಗಿದರೆ ಹೇಗೆ ದನಿ ಮೇಲೆ ಹೋಗದೆ ಸುತ್ತುತ್ತೋ ಹಾಗೆ. ಗೆಳೆಯ ಅಳ್ತಿದ್ದ, ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡ್ತಿರೋ ಗಂಭೀರ ಮನುಷ್ಯ.

ಕೊನೇ ಕುಸ್ತಿಗೆ ಬರೋವಾಗ ಪೆನ್ ಸ್ಟೇಟ್ 17, ಅಯೋವಾ 16. ಉಳಿದದ್ದು ಭಾರೀ ತೂಕದವರು, ಟೋನಿ ಕ್ಯಾಸಿಯೋಪಿ ಮತ್ತು ಸೆತ್ ನೆವಿಲ್ಸ್. ಗೆದ್ದವನ ತಂಡಕ್ಕೆ ಡ್ಯುಯಲ್. ಭಾರೀ ತೂಕದ ಕುಸ್ತಿ ಅಂದ್ರೆ ಸಾಮಾನ್ಯವಾಗಿ ಎರಡು ಲಾರಿ ಎದುರುಬದುರು ನಿಂತ ಹಾಗೆ, ನಿಧಾನ. ಅಂಥದ್ದಕ್ಕೆ ಏಳು ನಿಮಿಷವೂ ಯಾರೂ ಕೂರಲಿಲ್ಲ. ಕ್ಯಾಸಿಯೋಪಿ 7-0. ಅಯೋವಾ 19-17. ಅಕ್ಕಪಕ್ಕದ ಅಪರಿಚಿತರೆಲ್ಲ ನನ್ನನ್ನು ತಬ್ಬಿಕೊಂಡರು, ಪಾಪ್‌ಕಾರ್ನ್ ಅಮ್ಮನೂ. ನನ್ನ ‘ಭಲೇ’ ಮನ್ನಾ ಆಯಿತು ಅಂದುಕೊಂಡೆ.

ಅಷ್ಟು ಹುಚ್ಚು ಯಾಕೆ ಅಂದ್ರೆ, 2011ರಿಂದ 2019ರವರೆಗಿನ ಒಂಬತ್ತು ರಾಷ್ಟ್ರೀಯ ಪಟ್ಟಗಳಲ್ಲಿ ಎಂಟು ಪೆನ್ ಸ್ಟೇಟ್ ಪಾಲು. ಅಲ್ಲಿನ ಕೋಚ್ ಕೇಲ್ ಸ್ಯಾಂಡರ್ಸನ್, ಕಾಲೇಜಿನಲ್ಲಿ 159 ಕುಸ್ತಿ ಆಡಿ ಒಂದನ್ನೂ ಸೋಲದವರು, ಅದೂ ಅಯೋವಾ ಸ್ಟೇಟ್ ಪರವಾಗಿ, ಅಂದರೆ ಇದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ. ಅಯೋವಾ ಮಾತ್ರ 2010ರ ನಂತರ ಒಂದನ್ನೂ ಗೆದ್ದಿರಲಿಲ್ಲ. ಈ ವರ್ಷ ನಮ್ಮದೇ ಅಂತ ಆ ರಾತ್ರಿ ಎಲ್ಲರೂ ನಿಶ್ಚಯ ಮಾಡಿಕೊಂಡು ಮೆಟ್ಟಿಲು ಹತ್ತಿದರು (ಆ ಬಾವಿಯಿಂದ ಹೊರಗೆ ಬರೋಕೆ ಹತ್ತಲೇಬೇಕು, ಹಿರಿಯರಿಗೆ ಕಷ್ಟ). ಆರು ವಾರ ಆಗೋದರೊಳಗೆ ಕೋವಿಡ್ ಬಂತು, 2020ರ ರಾಷ್ಟ್ರೀಯ ಟೂರ್ನಿಯೇ ರದ್ದಾಯಿತು. ಗೆಳೆಯ ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. 2021ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಯೋವಾ ಗೆದ್ದಾಗಲೂ ಅವನ ಮೊದಲ ಮಾತು ‘ಇದು ಎರಡು ಆಗಬೇಕಿತ್ತು’ ಅಂತ.

ಹತ್ತಾರು ಸಾವಿರ ಜನ ಸೇರ್ತಾರಾ ಅಂತಲೂ ಕೇಳಿದ್ದೀರಿ. ಮಾಮೂಲಿಯಾಗಿ ಇಲ್ಲ. ಎಷ್ಟೋ ಕಾಲೇಜುಗಳ ಡ್ಯುಯಲ್‌ಗೆ ಕೆಲವು ನೂರು ಜನ ಬಂದರೆ ಪುಣ್ಯ, ಕುಸ್ತಿ ತಂಡವನ್ನೇ ಮುಚ್ಚಿದ ಕಾಲೇಜುಗಳೂ ಬಹಳ ಇವೆ. ಅಯೋವಾ, ಪೆನ್ ಸ್ಟೇಟ್, ಒಕ್ಲಹೋಮ ಸ್ಟೇಟ್ ಥರದ ಕೆಲವು ಕಡೆ ಮಾತ್ರ ಈ ಜಾತ್ರೆ. ಆದರೆ 2015ರ ನವೆಂಬರಿನಲ್ಲಿ ಅಯೋವಾದವರು ಒಕ್ಲಹೋಮ ಸ್ಟೇಟ್ ಜೊತೆಗಿನ ಡ್ಯುಯಲ್ ಅನ್ನು ತಮ್ಮ ಫುಟ್‌ಬಾಲ್ ಮೈದಾನದ ನಡುವೆ ಮ್ಯಾಟ್ ಹಾಸಿ ಬಯಲಲ್ಲೇ ಆಡಿಸಿದರು. 42,287 ಜನ ಬಂದರು, 18-16ರಿಂದ ಅಯೋವಾ ಗೆಲುವು. ಬಯಲು, ಆಕಾಶ, ಸುತ್ತ ಜನ. ನಾನು ಅಲ್ಲಿರಲಿಲ್ಲ, ಫೋಟೋ ನೋಡಿದಾಗ ಇದು ನಮ್ಮ ಊರಿನದ್ದೇ ಅನ್ನಿಸಿತು, ಕೆಮ್ಮಣ್ಣು ಒಂದು ಬೇಕಿತ್ತು.

ನೀವು ಹೋಗೋದಾದರೆ ಜನವರಿ, ಫೆಬ್ರವರಿಯ ಡ್ಯುಯಲ್‌ಗಳನ್ನು ಆರಿಸಿಕೊಳ್ಳಿ, ಗಟ್ಟಿ ತಂಡಗಳು ಆಗಲೇ ಬರೋದು. ದಪ್ಪ ಕೋಟು ಬೇಕೇ ಬೇಕು, ಆದರೆ ಒಳಗೆ ಹೋದಮೇಲೆ ಬೆವರ್ತೀರಿ. ಮ್ಯಾಟ್ ಪಕ್ಕದಲ್ಲಿ ಕೋಚ್ ಸಿಟ್ಟಿನಿಂದ ಇಟ್ಟಿಗೆಯಂಥದ್ದನ್ನು ಎಸೆದರೆ ಗಾಬರಿ ಆಗಬೇಡಿ, ಅದು ಸ್ಪಂಜಿನದು, ರೆಫರಿ ತೀರ್ಪನ್ನು ವಿಡಿಯೋದಲ್ಲಿ ನೋಡಿ ಅಂತ ಕೇಳುವ ರೀತಿ ಅದು. ಮತ್ತೆ, 2023-24ರ ಸೀಸನ್‌ನಿಂದ ನಿಯಮ ಬದಲಾಗಿದೆ, ಕೆಡವಿದರೆ ಈಗ ಮೂರು ಪಾಯಿಂಟ್. ಜನ ಮೂರು ಬೆರಳು ಎತ್ತಿ ‘ತ್ರೀ’ ಅಂತಾರೆ. ನಾನು ಈಗ ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನೋಡುವಾಗಲೂ ಎರಡೇ ಬೆರಳು ಎತ್ತುತ್ತೇನೆ, ಮಗಳು ತಿದ್ದುತ್ತಾಳೆ.