ಅಗ್ಗದ ರೂಟರಿನಲ್ಲಿ ಸ್ವಂತ ವಿಪಿಎನ್

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಹೊರಗಿನಿಂದ ಸುರಕ್ಷಿತವಾಗಿ ತೆರೆಯಲು ಅಗ್ಗದ ರೂಟರಿನಲ್ಲಿ ವಿಪಿಎನ್ (ಅಂತರಜಾಲದ ಮೂಲಕ ಗೂಢಲಿಪೀಕರಿಸಿದ ಖಾಸಗಿ ಸಂಪರ್ಕ) ಅಳವಡಿಸಬಹುದೇ?

ಉತ್ತರ: ಖಂಡಿತ ಅಳವಡಿಸಬಹುದು. ರೂಟರಿನ ಮೂಲ ತಂತ್ರಾಂಶದ ಬದಲು ಹಾಕಬಹುದಾದ, ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶಕ್ಕೆ ಹೊಂದುವ, 16 ಎಂಬಿ ಫ್ಲ್ಯಾಶ್ ಹಾಗೂ 128 ಎಂಬಿ ರ್‍ಯಾಮ್ ಇರುವ ರೂಟರನ್ನು ಆರಿಸಿಕೊಳ್ಳಿ. ಅದರಲ್ಲಿ ವಿಪಿಎನ್ ನಡೆಸಲು ಓಪನ್‌ವಿಪಿಎನ್ ತಂತ್ರಾಂಶಕ್ಕಿಂತ ವೈರ್‌ಗಾರ್ಡ್ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ: 2020ರಲ್ಲಿ ಲಿನಕ್ಸ್ ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) 5.6ನೇ ಆವೃತ್ತಿಗೆ ಸೇರಿದ ಅದು ಕರ್ನಲ್‌ನೊಳಗೇ ಕೆಲಸ ಮಾಡುವುದರಿಂದಲೂ, ಅದರ ಗೂಢಲಿಪೀಕರಣಕ್ಕೆ ಪ್ರತ್ಯೇಕ ಯಂತ್ರಾಂಶದ ನೆರವು ಬೇಡದಿರುವುದರಿಂದಲೂ ದುರ್ಬಲ ಪ್ರೊಸೆಸರಿನಲ್ಲೂ ಸಾಕಷ್ಟು ವೇಗ ದೊರೆಯುತ್ತದೆ. ಪ್ರತಿ ಸಾಧನಕ್ಕೂ ಬೇರೆ ಕೀಲಿಜೋಡಿ (ಒಂದು ಸಾರ್ವಜನಿಕ, ಒಂದು ಖಾಸಗಿ ಕೀಲಿ) ರಚಿಸಿ. ಖಾಸಗಿ ಕೀಲಿಯನ್ನು ಯಾರಿಗೂ ಕಳುಹಿಸಬೇಡಿ. ರೂಟರಿನ ಫೈರ್‌ವಾಲ್‌ನಲ್ಲಿ ಒಂದೇ ಯುಡಿಪಿ ಪೋರ್ಟ್ (ದತ್ತಾಂಶ ಒಳಬರುವ, ಸಂಖ್ಯೆಯಿಂದ ಗುರುತಿಸುವ ದ್ವಾರ), ಸಾಮಾನ್ಯವಾಗಿ 51820, ತೆರೆದರೆ ಸಾಕು. ಆದರೆ ರೂಟರಿನ ವ್ಯಾನ್ ವಿಳಾಸವು (ಅಂತರಜಾಲ ಸೇವಾದಾರರು ರೂಟರಿಗೆ ಕೊಡುವ ಐಪಿ ವಿಳಾಸ) 100.64ರಿಂದ 100.127ರವರೆಗಿನ ಶ್ರೇಣಿಯಲ್ಲಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಂಡ ಐಪಿಯ ಹಿಂದಿದೆ ಎಂದರ್ಥ. ಆಗ ಹೊರಗಿನಿಂದ ನೇರ ಸಂಪರ್ಕ ಸಾಧ್ಯವಾಗದ ಕಾರಣ, ಸೇವಾದಾರರಿಂದ ಸಾರ್ವಜನಿಕ ಐಪಿಯನ್ನು ಕೇಳಿ ಪಡೆಯಬೇಕಾಗುತ್ತದೆ.