ಗೋವಾದ ಮಾಂಡೋವಿ ನದಿಯಲ್ಲಿ ನಿಲ್ಲಿಸಿರುವ ದೋಣಿಯನ್ನು ಚಂಡಮಾರುತಕ್ಕೆ ಮೊದಲು ಹೇಗೆ ಭದ್ರ ಮಾಡಬೇಕು?

ಸಣ್ಣ ಫೈಬರ್ ದೋಣಿಯಾದರೆ ಯೋಚನೆಯೇ ಬೇಡ: ಎಂಜಿನ್ ಬಿಚ್ಚಿ, ದೋಣಿಯನ್ನು ಅಲೆ ಮುಟ್ಟದ ಎತ್ತರಕ್ಕೆ ಎಳೆದು, ನೆಲಕ್ಕೆ ಕಟ್ಟಿ.

ದೊಡ್ಡ ದೋಣಿಯನ್ನು ನದಿಯ ಮುಖದಿಂದ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಗೆ ಒಯ್ಯಿರಿ. ಲಂಗರಿನ ಹಗ್ಗ ಗಿಡ್ಡವಾದರೆ ಅಲೆ ಎತ್ತಿದಾಗ ಲಂಗರು ನೆಲದಿಂದ ಕಿತ್ತುಬರುತ್ತದೆ. ಉದಾಹರಣೆಗೆ, ನೀರಿನ ಆಳ 4 ಮೀಟರ್, ದೋಣಿಯ ಮೂತಿಯ ಎತ್ತರ 1, ಭರತ ಮತ್ತು ಉಕ್ಕುವ ನೀರಿಗೆ 2, ಒಟ್ಟು 7 ಮೀಟರ್. ಅದರ ಏಳು ಪಟ್ಟು, ಅಂದರೆ ಸುಮಾರು 50 ಮೀಟರ್ ಹಗ್ಗ ಬಿಡಿ. ಜಾಗವಿದ್ದರೆ ಹತ್ತು ಪಟ್ಟು. ಲಂಗರಿನ ಕಡೆ ಸರಪಳಿ, ಮೇಲೆ ಹಿಗ್ಗುವ ನೈಲಾನ್ ಹಗ್ಗ.

ಹಗ್ಗಗಳು ಹೆಚ್ಚಾಗಿ ಸವೆದೇ ತುಂಡಾಗುತ್ತವೆ. ಉಜ್ಜುವಲ್ಲೆಲ್ಲ ಹಳೆಯ ರಬ್ಬರ್ ಪೈಪು ತೊಡಿಸಿ. ಜೆಟ್ಟಿಗೆ ಬಿಗಿಯಾಗಿ ಕಟ್ಟಬೇಡಿ, ನೀರೇರಿದರೆ ಗೂಟವೇ ಕೀಳುತ್ತದೆ; ದೂರದ ಗೂಟಗಳಿಗೆ ಉದ್ದವಾಗಿ, ಜೋಡಿ ಹಗ್ಗದಲ್ಲಿ ಕಟ್ಟಿ. ನಾಲ್ಕೂ ದಿಕ್ಕಿಗೆ ಬೇಕು: 2021ರ ತೌಕ್ತೆಯಂತೆ ಚಂಡಮಾರುತ ಕರಾವಳಿಯ ಪಶ್ಚಿಮಕ್ಕೆ ಉತ್ತರಾಭಿಮುಖವಾಗಿ ಸಾಗಿದರೆ ಗಾಳಿ ಆಗ್ನೇಯದಿಂದ ನೈಋತ್ಯಕ್ಕೆ ತಿರುಗುತ್ತದೆ.

ಟಾರ್ಪಾಲು, ಬಲೆ, ಬಾವುಟ ಎಲ್ಲ ಇಳಿಸಿ. ಬ್ಯಾಟರಿ ತುಂಬಿಸಿ, ದೋಣಿಯ ನೀರು ಹೊರಹಾಕುವ ಪಂಪಿನ ಬಾಯಿಯ ಕಸ ತೆಗೆಯಿರಿ. ಮಳೆನೀರೇ ಎಷ್ಟೋ ದೋಣಿಗಳನ್ನು ಮುಳುಗಿಸುತ್ತದೆ.

ಗಾಳಿ ಏಳುವ ಮೊದಲೇ ಎಲ್ಲರೂ ದಡ ಸೇರಿ. ದೋಣಿ ಕಾಯಲು ಖಲಾಸಿಯನ್ನು ಒಳಗೆ ಬಿಡಲೇಬೇಡಿ.