ಬೆಳೆಗಾರರು ಮೊದಲು ತೋಟದಲ್ಲಿ ಸೇರಲಿ

ಸಣ್ಣ ತರಕಾರಿ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರಷ್ಟೇ ಬರೆಯುತ್ತಾರೆ, ರೈತರು ಮಾತನಾಡುವುದಿಲ್ಲ, ಏನು ಮಾಡಬೇಕು ಎಂದು ತಾವು ಕೇಳಿದ್ದೀರಿ. ಪರಿಚಯವಿಲ್ಲದವರ ಮುಂದೆ ಬೆಳೆಯ ಸೋಲನ್ನು ಹೇಳಿಕೊಳ್ಳಲು ಯಾರಿಗೂ ಸಂಕೋಚವಾಗುವುದರಿಂದ, ಅವರು ಮೊದಲು ತೋಟದಲ್ಲಿ ಸೇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತದ ಬೆಳೆಗಾರರಿಗಾಗಿ ಆರಂಭವಾದ ರೈತ ಕ್ಷೇತ್ರ ಪಾಠಶಾಲೆಗಳಲ್ಲಿ ಸುಮಾರು 25 ಮಂದಿ ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಹಾನಿಕಾರಕ ಕೀಟಗಳನ್ನೂ ಅವುಗಳನ್ನು ತಿನ್ನುವ ಮಿತ್ರಕೀಟಗಳನ್ನೂ ತಾವೇ ಗಮನಿಸಿ, ಔಷಧಿ ಸಿಂಪಡಿಸಬೇಕೇ ಬೇಡವೇ ಎಂಬುದನ್ನು ಚರ್ಚಿಸಿ ನಿರ್ಧರಿಸುತ್ತಿದ್ದರು. ತೋಟಗಾರಿಕೆಗೆ ಈ ಕ್ರಮ ಇನ್ನೂ ಹೆಚ್ಚು ಅಗತ್ಯ. ಟೊಮೆಟೊದ ಅಂಗಮಾರಿ (ಲೇಟ್ ಬ್ಲೈಟ್) ರೋಗವು ತಂಪು ಮತ್ತು ತೇವದ ಹವೆಯಲ್ಲಿ ಕೆಲವೇ ದಿನಗಳಲ್ಲಿ ಹರಡುವುದರಿಂದ, ಪಕ್ಕದ ತೋಟದ ಸುದ್ದಿ ತಜ್ಞರ ಭೇಟಿಗಿಂತ ಮೊದಲೇ ತಲುಪಬೇಕು. ಹೀಗೆ ಪರಿಚಯ ಬೆಳೆದ ಮೇಲೆ ಗುಂಪು ತಾನಾಗಿ ಮಾತನಾಡತೊಡಗುತ್ತದೆ. ಆಗ ಎಲೆಯ ಎರಡೂ ಬದಿಯ ಚಿತ್ರದೊಂದಿಗೆ, ಹಿಂದೆ ಸಿಂಪಡಿಸಿದ ಔಷಧಿಯ ಹೆಸರನ್ನೂ ಧ್ವನಿ ಸಂದೇಶದಲ್ಲಿ ತಿಳಿಸಲು ಕೇಳಿಕೊಳ್ಳಿ.